ಕುಟ್ಟಾಣಿಯ ಪಾಠ, ಹಿತ್ತಿಲ ಊಟ

ಹೊರನಾಡ ಕನ್ನಡಿಗರು ನಾಲ್ಕು ಜನ ಸೇರಿದಲ್ಲಿ ಈಚಿನ ವರ್ಷಗಳಲ್ಲಿ ಒಂದು ಮಾತು ಪದೇಪದೇ ಕೇಳಿಬರುತ್ತಿದೆ. ಥಾಯ್ಲೆಂಡ್ ತನ್ನ ಅಡುಗೆಯನ್ನು ಜಗತ್ತಿನ ಮೂಲೆಮೂಲೆಗೂ ಮುಟ್ಟಿಸಿತು. ಅಂಥದೊಂದು ಯೋಜನೆಯನ್ನು ನಮ್ಮ ಸರ್ಕಾರವೇಕೆ ಕೈಗೊಳ್ಳಬಾರದು? ನಮ್ಮ ಅಡುಗೆಗೂ ಒಂದು ಹೆಸರು, ಒಂದು ಮುದ್ರೆ, ಒಂದು ಮಾನ್ಯತೆ ಏಕೆ ಬರಬಾರದು? ಪ್ರಶ್ನೆ ಸಹಜವಾದದ್ದು. ಆದರೆ ಥಾಯ್ಲೆಂಡಿನಲ್ಲಿ ನಡೆದದ್ದು ಎರಡು ಬೇರೆಬೇರೆ ಕೆಲಸಗಳು. ಒಂದನ್ನು ಸರ್ಕಾರ ಮಾಡಿತು. ಇನ್ನೊಂದನ್ನು ಅಲ್ಲಿನ ಸಾಮಾನ್ಯ ಹೆಂಗಸರು ಮಾಡುತ್ತಿದ್ದಾರೆ. ನಾವು ಹೊಗಳುತ್ತಿರುವುದು ಮೊದಲನೆಯದನ್ನು, ಕಲಿಯಬೇಕಾದದ್ದು ಎರಡನೆಯದರಿಂದ. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಪ್ರವಾಸಿಗರಿಗಾಗಿ ನಡೆಯುವ ಅಡುಗೆಯ ತರಗತಿಯೊಂದರಲ್ಲಿ ಇಡೀ ಒಂದು ದಿನ ಹೆಚ್ಚಿ, ಕುಟ್ಟಿ, ಬಾಡಿಸಿ ಬಂದ ಮೇಲೆ ನನ್ನಲ್ಲಿ ಬಲಿತ ಅಭಿಪ್ರಾಯ ಇದು.

ಮೊದಲು ಸರ್ಕಾರದ ವಿಷಯ. 1938ರಲ್ಲಿ ಪ್ರಧಾನಿಯಾದ ಫಿಬೂನ್ ಸೊಂಗ್‌ಖ್ರಾಮ್ ಮರುವರ್ಷವೇ ಸಿಯಾಮ್ ಎಂಬ ದೇಶದ ಹೆಸರನ್ನು ಥಾಯ್ಲೆಂಡ್ ಎಂದು ಬದಲಿಸಿದ. ಜನ ಏನು ಉಡಬೇಕು, ಯಾವ ಭಾಷೆಯನ್ನು ಗೌರವಿಸಬೇಕು ಎಂಬುದಕ್ಕೆಲ್ಲ ಆತನ ಕಾಲದಲ್ಲಿ ಆದೇಶಗಳು ಹೊರಟವು. ಅಕ್ಕಿಶಾವಿಗೆಯನ್ನು ಹೆಚ್ಚಾಗಿ ಉಣ್ಣಿರೆಂಬ ಪ್ರಚಾರವೂ ಆ 1940ರ ದಶಕದ್ದೇ. ಇಂದು ಜಗತ್ತೆಲ್ಲ ಥಾಯ್ ಅಡುಗೆಯ ಪ್ರತಿನಿಧಿಯೆಂದು ತಿಳಿದಿರುವ ಪ್ಯಾಡ್ ಥಾಯ್ ಆ ಪ್ರಚಾರದ ಗಾಳಿಯಲ್ಲಿಯೇ ಮೇಲೆದ್ದ ತಿನಿಸು. ಶಾವಿಗೆಯೂ ಬಾಣಲೆಯ ವಿಧಾನವೂ ಚೀನೀಯರವು. ಹೆಸರಿಗೆ ಮಾತ್ರ ದೇಶದ ಅಂಕಿತ. 2002ರಲ್ಲಿ ಬಂದ 'ಗ್ಲೋಬಲ್ ಥಾಯ್' ಯೋಜನೆ ವಿದೇಶಗಳಲ್ಲಿ ಆಗ ಇದ್ದ ಸುಮಾರು 5,500 ಥಾಯ್ ಉಪಾಹಾರಗೃಹಗಳನ್ನು 8,000ಕ್ಕೆ ಏರಿಸುವ ಗುರಿ ಹಾಕಿಕೊಂಡಿತು. ಒಪ್ಪಿಗೆಯಾದ ಹೋಟೆಲುಗಳಿಗೆ ಸರ್ಕಾರದ 'ಥಾಯ್ ಸೆಲೆಕ್ಟ್' ಮುದ್ರೆ ದೊರೆಯಿತು. 2014ರಲ್ಲಂತೂ ಅಡುಗೆಯ ವಾಸನೆ ಮತ್ತು ರುಚಿಯನ್ನು ಅಳೆದು, ಗೊತ್ತುಪಡಿಸಿದ ಮಾದರಿಗೆ ಅದು ಎಷ್ಟು ಹೊಂದುತ್ತದೆಂದು ಅಂಕ ಕೊಡುವ ಯಂತ್ರವೊಂದನ್ನು ಸರ್ಕಾರದ ನೆರವಿನಿಂದಲೇ ತಯಾರಿಸಿದರು. 2024ರ ಡಿಸೆಂಬರಿನಲ್ಲಿ ಸೀಗಡಿಯ ಹುಳಿಸಾರಾದ ತೊಮ್ ಯಮ್ ಕುಂಗ್ ಯುನೆಸ್ಕೋದ ಪಟ್ಟಿ ಸೇರಿತು.

ಕಡತಗಳ ನಡುವೆಯೇ ವಯಸ್ಸು ಕಳೆದ ನನ್ನಂಥವನಿಗೆ ಇದರಲ್ಲಿ ಆಶ್ಚರ್ಯ ಪಡುವಂಥದೇನೂ ಕಾಣುವುದಿಲ್ಲ. ಸರ್ಕಾರವೆಂಬುದು ಯಾವುದನ್ನು ಒಂದು ಸಾಲಿನಲ್ಲಿ ಬರೆಯಬಹುದೋ, ಯಾವುದನ್ನು ಎಣಿಸಬಹುದೋ ಅದನ್ನು ಮಾತ್ರ ಪೋಷಿಸಬಲ್ಲದು. ಒಂದು ಹಳ್ಳಿಯಲ್ಲಿ ಹತ್ತು ಮನೆಗಳು ಹತ್ತು ಬಗೆಯಲ್ಲಿ ಮಾಡುವ ಗೊಜ್ಜಿಗೆ ಅನುದಾನ ಮಂಜೂರು ಮಾಡುವ ನಮೂನೆ ಯಾವ ಸಚಿವಾಲಯದಲ್ಲಿಯೂ ಇಲ್ಲ. ಹತ್ತರಲ್ಲಿ ಒಂದನ್ನು ಆರಿಸಿ, ಉಳಿದ ಒಂಬತ್ತನ್ನು ಷರಾ ಬರೆದು ಮುಗಿಸುವುದೇ ಆಡಳಿತದ ಸ್ವಭಾವ. ಆರಿಸಿದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ; ಆರಿಸುವ ಕೆಲಸವೇ ಹಾಗೆ.

ಇನ್ನು ತರಗತಿ. ಚಿಯಾಂಗ್ ಮಾಯ್‌ನಲ್ಲಿ ಇಂಥ ತರಗತಿಗಳು 1990ರ ದಶಕದಿಂದ ಬೆಳೆದುಬಂದಿವೆ. ಈಗ ಹಳೆಯ ಕೋಟೆಯ ಕಂದಕದ ಒಳಗೂ ಊರಾಚೆಯ ತೋಟಗಳಲ್ಲಿಯೂ ಬೇಕಾದಷ್ಟಿವೆ. ಸುಮಾರು ಸಾವಿರ ಬಾತ್ ಶುಲ್ಕ. ಬೆಳಿಗ್ಗೆ ಸಂತೆಗೆ ಕರೆದೊಯ್ಯುತ್ತಾರೆ, ಸೊಪ್ಪುಸದೆಗಳನ್ನು ಮುಟ್ಟಿಸಿ, ಮೂಸಿಸಿ ಪರಿಚಯ ಮಾಡಿಸುತ್ತಾರೆ. ಅನಂತರ ಒಬ್ಬೊಬ್ಬರಿಗೂ ಒಂದು ಒಲೆ, ಒಂದು ಬಾಣಲೆ, ಒಂದು ಹಲಗೆ, ಒಂದು ಚಾಕು. ನೋಡಿ ಕಲಿಯುವುದು ಅಲ್ಲಿಲ್ಲ, ಮಾಡಿಯೇ ಕಲಿಯಬೇಕು, ಮಾಡಿದ್ದನ್ನು ಉಣ್ಣಲೂಬೇಕು. ಕಲಿಸುವಾಕೆಯನ್ನು 'ಖ್ರೂ' ಎಂದು ಕರೆಯುತ್ತಾರೆ. ಅದು ನಮ್ಮ ಗುರು. ರುಚಿಗೆ ಅವರು 'ರೊತ್' ಎನ್ನುತ್ತಾರೆ, ಅದು ರಸ. 'ಆಹಾನ್' ನಮ್ಮ ಆಹಾರ. ನಾನು ಸಸ್ಯಾಹಾರಿಯೆಂದಾಗ ಆಕೆ ತನ್ನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬರೆದುಕೊಂಡ ಶಬ್ದ 'ಮಂಗ್ಸವಿರತ್'. ಮಾಂಸವಿರತಿ! ನಾವು ಕನ್ನಡಿಗರು ಸಂಸ್ಕೃತದ ಇಷ್ಟೊಂದು ಶಬ್ದಗಳನ್ನು ಸಾಕಿಕೊಂಡೂ ಇಂಥ ಚೆಲುವಾದ ಒಂದು ಮಾತನ್ನು ಅಡುಗೆಮನೆಗೆ ತರಲಿಲ್ಲ.

ಆ ದಿನ ಕಲಿತದ್ದರಲ್ಲಿ ಅತ್ಯಂತ ಮುಖ್ಯವಾದದ್ದು ಕುಟ್ಟುವುದು. ಹಸಿರು ಸಾರಿನ ಮಸಾಲೆಯನ್ನು ಗಟ್ಟಿ ಕಲ್ಲಿನ ಕುಟ್ಟಾಣಿಯಲ್ಲಿ ಕುಟ್ಟಬೇಕು. ಅದಕ್ಕೊಂದು ಕ್ರಮವಿದೆ. ಮೊದಲು ಒಣ ಸಾಮಗ್ರಿ: ಕೊತ್ತಂಬರಿ ಬೀಜ, ಜೀರಿಗೆ, ಬಿಳಿ ಮೆಣಸು. ಬಳಿಕ ಹಸಿಮೆಣಸಿನಕಾಯಿಯನ್ನು ಹರಳುಪ್ಪಿನೊಡನೆ ಹಾಕಬೇಕು. ಇಲ್ಲಿ ಉಪ್ಪು ರುಚಿಗಷ್ಟೇ ಅಲ್ಲ, ಸಿಪ್ಪೆಯನ್ನು ಉಜ್ಜಿ ಹರಿಯುವುದಕ್ಕೆ. ಅದರ ಹಿಂದೆ ನಾರುಳ್ಳವು: ಮಜ್ಜಿಗೆ ಹುಲ್ಲಿನ ಬುಡ, ಶುಂಠಿಯ ದಾಯಾದಿಯಂತಿರುವ ಗಲಾಂಗಲ್ ಗಡ್ಡೆ, ಸುಕ್ಕುಗಟ್ಟಿದ ಮಕ್ರೂತ್ ನಿಂಬೆಯ ಸಿಪ್ಪೆ, ಕೊತ್ತಂಬರಿಯ ಬೇರು. ನಾವು ಕತ್ತರಿಸಿ ಎಸೆಯುವ ಈ ಬೇರು ಅವರ ಮಸಾಲೆಯ ಜೀವ. ನೀರಿನಂಶವುಳ್ಳ ಬೆಳ್ಳುಳ್ಳಿ ಮತ್ತು ಸಣ್ಣ ಈರುಳ್ಳಿಯ ಸರದಿ ಕೊನೆಗೆ. ಅವನ್ನು ಮೊದಲೇ ಹಾಕಿದರೆ ನಾರು ಒದ್ದೆಯಾಗಿ ಕಲ್ಲಿನಡಿಯಿಂದ ಜಾರಿಕೊಳ್ಳುತ್ತದೆ, ಎಷ್ಟು ಕುಟ್ಟಿದರೂ ನುಣ್ಣಗಾಗುವುದಿಲ್ಲ. ಈ ಕ್ರಮವನ್ನು ಪುಸ್ತಕದಲ್ಲಿ ಓದಿದರೆ ಒಂದು ಪಟ್ಟಿ. ತೋಳು ನೋಯುವಾಗ ಮಾತ್ರ ಅದೊಂದು ಕಾರಣ.

ಮಿಕ್ಸಿಯಲ್ಲಿ ಏಕಾಗದು ಎಂದು ಯಾರೋ ಕೇಳಿದರು. ಆಗುತ್ತದೆ, ಆದರೆ ಮಿಕ್ಸಿ ತಿರುಗಲು ನೀರು ಬೇಕು. ಆ ನೀರು ಮುಂದಿನ ಹಂತವನ್ನು ಕೆಡಿಸುತ್ತದೆ ಎಂದಳು ಖ್ರೂ. ಮುಂದಿನ ಹಂತ ತೆಂಗಿನ ಹಾಲಿನದು. ಗಟ್ಟಿ ಹಾಲಿಗೆ ಅವರು 'ತಲೆ' ಎಂದೂ ನೀರು ಹಾಲಿಗೆ 'ಬಾಲ' ಎಂದೂ ಹೇಳುತ್ತಾರೆ. ತಲೆಯನ್ನು ಬಾಣಲೆಗೆ ಹಾಕಿ, ಎಣ್ಣೆ ಬೇರೆಯಾಗಿ ಮೇಲೆ ತೇಲುವವರೆಗೆ ಕಾಯಿಸಿ, ಆ ಎಣ್ಣೆಯಲ್ಲಿಯೇ ಮಸಾಲೆಯನ್ನು ಹುರಿಯಬೇಕು. ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಕಾಯಿಹಾಲು ಒಡೆಯಿತೆಂದರೆ ಅಡುಗೆ ಕೆಟ್ಟಿತೆಂದೇ ಲೆಕ್ಕ. ಅಲ್ಲಿ ಒಡೆಯದಿದ್ದರೆ ಕೆಟ್ಟಿತೆಂದು ಲೆಕ್ಕ. ತೆಂಗು ಅದೇ, ಹಾಲು ಅದೇ.

ಮೆಣಸಿನಕಾಯಿಯ ಕಥೆಯೂ ಹೀಗೆಯೇ ಎರಡೂ ಕಡೆ ಒಂದನ್ನೊಂದು ಹೋಲುತ್ತದೆ. ಅಮೆರಿಕ ಖಂಡದ ಈ ಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಪೂರ್ವದ ಕಡೆಗೆ ಬಂದಿತು. ಅವರು ಅಯುತ್ಥಯ ರಾಜ್ಯವನ್ನು ತಲುಪಿದ್ದು 1511ರಲ್ಲಿ, ಗೋವೆಯನ್ನು ಹಿಡಿದ ಮರುವರ್ಷ. ಅದಕ್ಕೂ ಮೊದಲು 'ಪ್ರಿಕ್' ಎಂದರೆ ಕಾಳುಮೆಣಸು. ಹೊಸ ಕಾಯಿ ಬಂದು ಆ ಹೆಸರನ್ನೇ ಕಸಿದುಕೊಂಡಿತು. ಹಳೆಯ ಕಾಳು 'ಪ್ರಿಕ್ ಥಾಯ್', ಅಂದರೆ 'ಥಾಯ್ ಮೆಣಸು' ಎಂದು ತನ್ನನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕಾಯಿತು. ನಮ್ಮಲ್ಲಿಯೂ ಮೆಣಸು ಹೊಸಬನಿಗೆ ಹೆಸರು ಕೊಟ್ಟು ತಾನು ಕರಿಮೆಣಸಾಯಿತು, ದಕ್ಷಿಣ ಕನ್ನಡದಲ್ಲಿ ಒಳ್ಳೆಮೆಣಸಾಯಿತು. ಹದಿನಾರನೆಯ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ' ಬರೆದ ಮಂಗರಸನಿಗೆ ಬ್ಯಾಡಗಿಯ ಕೆಂಪು ಬಣ್ಣ ಕನಸಿನಲ್ಲಿಯೂ ಗೊತ್ತಿರಲಿಲ್ಲ. ನಮ್ಮ ಅಡುಗೆ ಸನಾತನವಾದದ್ದು, ಒಂದು ಕಾಳನ್ನೂ ಬದಲಿಸಬಾರದು ಎನ್ನುವವರು ಆ ಸಂತೆಯಲ್ಲಿ ಅರ್ಧ ಗಂಟೆ ನಿಂತು ಬಂದರೆ ಒಳ್ಳೆಯದು. ಅಲ್ಲಿಯೇ ತುಳಸಿಯನ್ನು ಕಟ್ಟುಕಟ್ಟಾಗಿ ಮಾರುತ್ತಾರೆ, ಕೋಳಿ ಮತ್ತು ಹಂದಿಯ ಮಾಂಸದೊಡನೆ ಬಾಡಿಸುವುದಕ್ಕೆ. ಬೃಂದಾವನದ ಮುಂದೆ ದೀಪ ಹಚ್ಚಿ ಬೆಳೆದವರಿಗೆ ಒಂದು ಕ್ಷಣ ಉಸಿರು ನಿಲ್ಲುತ್ತದೆ. ಎರಡನೆಯ ಕ್ಷಣದಲ್ಲಿ ಬಾಣಲೆಯಿಂದ ಏಳುವ ಘಮಕ್ಕೆ ಮನಸ್ಸು ಸೋಲುತ್ತದೆ.

ಥಾಯ್ ಜನರಲ್ಲಿ ಅಡುಗೆಯನ್ನು ಬರೆದಿಡುವ ಪರಂಪರೆ ಇಲ್ಲವೆಂದಲ್ಲ. ಪ್ಲಿಯನ್ ಪಾಸಕೊರವೊಂಗ್ ಎಂಬ ಕುಲೀನ ಮಹಿಳೆಯ ಪಾಕಗ್ರಂಥ 1908ರ ಸುಮಾರಿಗೆ ಹೊರಬಂದಿತು. ಅದಕ್ಕಿಂತ ಹೃದ್ಯವಾದ ಇನ್ನೊಂದು ರೂಢಿಯಿದೆ. ಸ್ಥಿತಿವಂತರ ಶವಸಂಸ್ಕಾರಕ್ಕೆ ಬಂದವರಿಗೆ ತೀರಿಕೊಂಡವರ ನೆನಪಿನ ಪುಸ್ತಕವನ್ನು ಹಂಚುತ್ತಾರೆ. ಎಷ್ಟೋ ಸಲ ಅದರಲ್ಲಿ ಆ ವ್ಯಕ್ತಿಯ ಕೈಯಡುಗೆಗಳ ವಿವರವೂ ಇರುತ್ತದೆ. ಆಸ್ಟ್ರೇಲಿಯದ ಡೇವಿಡ್ ಥಾಂಪ್ಸನ್ ಥಾಯ್ ಅಡುಗೆಯ ಮೇಲೆ ಬರೆದ ದೊಡ್ಡ ಗ್ರಂಥಕ್ಕೆ ಇಂಥ ಪುಸ್ತಕಗಳು ಬಹಳ ಒದಗಿಬಂದವು. ಶ್ರಾದ್ಧದ ಎಡೆಗೆ ಅಜ್ಜಿಯ ಇಷ್ಟದ ಭಕ್ಷ್ಯವನ್ನು ಮಾಡಿ ಬಡಿಸುವ ನಾವು, ಅದನ್ನು ಅಜ್ಜಿ ಹೇಗೆ ಮಾಡುತ್ತಿದ್ದಳೆಂದು ಅಚ್ಚು ಹಾಕಿಸಿ ನೆಂಟರ ಕೈಗೆ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

ಇಷ್ಟು ಹೊಗಳಿದ ಮೇಲೆ ತಕರಾರಿಗೆ ಬರುತ್ತೇನೆ. ನಮ್ಮ ಮುಂದಿಟ್ಟ ಪಟ್ಟಿಯಲ್ಲಿ ಇದ್ದದ್ದು ಪ್ಯಾಡ್ ಥಾಯ್, ತೊಮ್ ಯಮ್, ಹಸಿರು ಮತ್ತು ಕೆಂಪು ಸಾರುಗಳು, ಮಾವಿನಹಣ್ಣು ಮತ್ತು ಅಂಟಕ್ಕಿಯ ಸಿಹಿ. ಇವು ಬಹುಮಟ್ಟಿಗೆ ಬ್ಯಾಂಕಾಕ್ ಮತ್ತು ಮಧ್ಯದ ಬಯಲುಸೀಮೆಯ ಅಡುಗೆಗಳು. ಉತ್ತರದ್ದೆಂದು ಇದ್ದದ್ದು ಒಂದೇ, ಯುನ್ನಾನಿನ ಮುಸ್ಲಿಂ ವರ್ತಕರ ಹಾದಿಯಲ್ಲಿ ಬಂದು ಅಲ್ಲಿಯದೇ ಆಗಿಹೋದ ಖಾವ್ ಸೊಯ್ ಎಂಬ ಶಾವಿಗೆಯ ಸಾರು. ಚಿಯಾಂಗ್ ಮಾಯ್ ಸಾಮಾನ್ಯ ಊರಲ್ಲ. 1296ರಲ್ಲಿ ಮಂಗ್ರಾಯ್ ಅರಸ ಕಟ್ಟಿದ, ಲಾನ್ನಾ ರಾಜ್ಯದ ರಾಜಧಾನಿ. ಹದಿನಾರನೆಯ ಶತಮಾನದ ನಡುವಿನಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಬರ್ಮೀಯರ ಕೈಯಲ್ಲಿದ್ದುದರಿಂದ ಅದರ ಅಡುಗೆಯಲ್ಲಿ ಬರ್ಮೀಯ ಛಾಯೆಯುಂಟು. ತೆಂಗು ವಿರಳ, ಅಂಟಕ್ಕಿಯೇ ದಿನನಿತ್ಯದ ಅನ್ನ. ಅಲ್ಲಿಯ ಜನರ ಮನೆಮಾತಾದ ಖಾಮ್ ಮುವಾಂಗ್ ಬ್ಯಾಂಕಾಕಿನ ಭಾಷೆಗಿಂತ ಬೇರೆ. 1921ರ ಕಡ್ಡಾಯ ಶಿಕ್ಷಣದ ಕಾನೂನಿನ ತರುವಾಯ ಶಾಲೆಯ ಭಾಷೆ ಬ್ಯಾಂಕಾಕಿನದಾಯಿತು. ಲಾನ್ನಾ ಲಿಪಿ ಈಗ ಮುಖ್ಯವಾಗಿ ಕಣ್ಣಿಗೆ ಬೀಳುವುದು ದೇವಾಲಯಗಳ ಹೆಸರಿನ ಫಲಕಗಳಲ್ಲಿ. ಭಾಷೆ ಹೋದ ದಾರಿಯಲ್ಲಿಯೇ ತಟ್ಟೆಯೂ ಹೊರಟಿದೆಯೇ ಎಂಬುದು ನನ್ನ ಅನುಮಾನ.

ಅನುಮಾನಕ್ಕೆ ಎರಡು ಕಾರಣಗಳಿವೆ. ಮಸಾಲೆಯ ಕೊನೆಯಲ್ಲಿ ಸೇರುವ ಹುದುಗಿಸಿದ ಸೀಗಡಿಯ ಮುದ್ದೆ ನನಗೆ ಸಲ್ಲದೆಂದು ಅದರ ಬದಲಿಗೆ ಕಾರ್ಖಾನೆಯ ಸೋಯಾ ರಸದ ಸೀಸೆಯನ್ನು ಕೊಟ್ಟರು. ಆದರೆ ಬೆಳಿಗ್ಗೆ ಸಂತೆಯಲ್ಲಿ ನಮ್ಮ ಹಪ್ಪಳದಂತೆ ದುಂಡಗೆ ತಟ್ಟಿ ಒಣಗಿಸಿದ ಕಂದು ಬಣ್ಣದ ಬಿಲ್ಲೆಗಳನ್ನು ಕಂಡಿದ್ದೆ. ಅವು 'ತುವಾ ನಾವ್', ಸೋಯಾ ಕಾಳನ್ನು ಬೇಯಿಸಿ ಹುದುಗಿಸಿ ಮಾಡಿದ್ದು. ಸಮುದ್ರದಿಂದ ದೂರವಿರುವ ಉತ್ತರದ ಗುಡ್ಡಗಾಡಿನವರು ಸೀಗಡಿಯ ಮುದ್ದೆಯ ಜಾಗದಲ್ಲಿ ಬಳಸುತ್ತ ಬಂದ ಪದಾರ್ಥವೇ ಇದು! ಮಾಂಸವಿರತನಿಗೆ ಅದಕ್ಕಿಂತ ತಕ್ಕ ಬದಲಿ ಯಾವುದಿದ್ದೀತು? ಅದು ಸಿಗುವ ಊರಿನಲ್ಲಿ, ಅದು ಗೊತ್ತಿರುವ ಗುರುವಿನ ಎದುರಿನಲ್ಲಿ, ಸೀಸೆಯ ರಸ ಬಂದಿತು. ಕೇಳಿದರೆ ಆಕೆ ನಕ್ಕು, ಅದು ನಮ್ಮ ಕಡೆಯದು, ಹೊರಗಿನವರಿಗೆ ವಾಸನೆ ಹಿಡಿಸುವುದಿಲ್ಲ ಎಂದಳು.

ಎರಡನೆಯದು ಮಧ್ಯಾಹ್ನ ಕಂಡದ್ದು. ನಾವು ಹತ್ತು ದೇಶಗಳವರು ಮೇಜಿನ ಸುತ್ತ ಕುಳಿತು, ಮಾಡಿದ್ದನ್ನು ಚಮಚ ಮುಳ್ಳುಗಳಿಂದ ತಿನ್ನುತ್ತಿದ್ದೆವು. ಕೈ ತೊಳೆಯಲು ಹಿತ್ತಿಲಿಗೆ ಹೋದರೆ, ಖ್ರೂ ಮತ್ತು ಪಾತ್ರೆ ಬೆಳಗುವ ಇಬ್ಬರು ಹೆಂಗಸರು ಚಾಪೆಯ ಮೇಲೆ ಕುಳಿತು ತಮ್ಮ ಊಟ ಮಾಡುತ್ತಿದ್ದರು. ಬಿದಿರಿನ ಪುಟ್ಟ ಬುಟ್ಟಿಯಿಂದ ಅಂಟಕ್ಕಿಯ ಅನ್ನವನ್ನು ಬೆರಳಲ್ಲಿ ಹಿಡಿದು, ಉಂಡೆ ಮಾಡಿ, ಸುಟ್ಟ ಹಸಿಮೆಣಸಿನಕಾಯಿಯ ಗೊಜ್ಜಿಗೆ ಅದ್ದಿ ಬಾಯಿಗಿಡುತ್ತಿದ್ದರು. ಪಕ್ಕದಲ್ಲಿ ಬೇಯಿಸಿದ ತರಕಾರಿ. ಗೊಜ್ಜಿನ ಹೆಸರು ನಾಮ್ ಪ್ರಿಕ್ ನುಮ್. ಉತ್ತರದವರ ನಿತ್ಯದ ಆಹಾರ. ಸಂಜೆ ನಮಗೆ ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಅದಿರಲಿಲ್ಲ.

ಆಕೆಯನ್ನು ದೂರುವುದು ಅನ್ಯಾಯ. ಬಂದವರಿಗೆ ಇರುವುದು ಒಂದೇ ದಿನ. ಅವರು ತಮ್ಮ ಊರಿನ ಹೋಟೆಲಿನಲ್ಲಿ ತಿಂದು ಬಲ್ಲ ಹೆಸರುಗಳನ್ನೇ ಕೇಳುತ್ತಾರೆ. ಆ ಹೆಸರುಗಳನ್ನು ಅವರ ನಾಲಗೆಗೆ ಹತ್ತಿಸಿದ್ದು ಬ್ಯಾಂಕಾಕಿನ ಯೋಜನೆ. ಈ ತರಗತಿಯ ಸಂಪಾದನೆಯಿಂದ ಆಕೆ ಇಬ್ಬರು ಮಕ್ಕಳನ್ನು ಕಾಲೇಜಿಗೆ ಕಳಿಸುತ್ತಿದ್ದಾಳೆ, ಯಾರ ಹಂಗಿಗೂ ಬಿದ್ದಿಲ್ಲ. ಉತ್ತರದ ಅಡುಗೆಯನ್ನೇ ಕಲಿಸುವ ಕೆಲವರು ಈಚೆಗೆ ಹುಟ್ಟಿಕೊಂಡಿದ್ದಾರೆಂದೂ ಹೇಳಿದಳು. ಹೀಗಿದ್ದೂ, ಒಂದು ರಾಜಧಾನಿಯ ಅಡುಗೆ ಇನ್ನೊಂದು ಹಳೆಯ ರಾಜಧಾನಿಯ ಒಲೆಯ ಮೇಲೆ ಕುಳಿತು, ಮನೆಯವರನ್ನು ಹಿತ್ತಿಲಿಗೆ ಕಳಿಸಿದ ನೋಟ ಕಣ್ಣಿನಿಂದ ಹೋಗುವುದಿಲ್ಲ.

ಮುಂಬಯಿಯಲ್ಲಿ ನೆಲೆಸಿದವರಿಗೆ ಈ ಹಿತ್ತಿಲು ಅಪರಿಚಿತವಲ್ಲ. ಮಾತುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮೊದಲುಗೊಂಡು, ಕರಾವಳಿಯಿಂದ ಬಂದ ಜನ ಈ ಮಹಾನಗರಕ್ಕೆ ಅನ್ನ ಬಡಿಸಿದ ಇತಿಹಾಸ ನಮ್ಮ ಹೆಮ್ಮೆ. ಅದು ಯಾವ ಸರ್ಕಾರದ ಯೋಜನೆಯೂ ಆಗಿರಲಿಲ್ಲ. ಆದರೆ ಗಿರಾಕಿ ಕೇಳಿದ್ದು ಇಡ್ಲಿ, ದೋಸೆ, ವಡೆ, ಆಮೇಲೆ ಪಾವ್‌ಭಾಜಿ, ಆಮೇಲೆ 'ಚೈನೀಸ್'. ಉಡುಪಿ ಎಂಬುದು ಊರಿನ ಹೆಸರಾಗಿ ಉಳಿಯದೆ ಒಂದು ಬಗೆಯ ಹೋಟೆಲಿನ ಹೆಸರಾಯಿತು. ಪತ್ರೊಡೆ, ಮೆಣಸ್ಕಾಯಿ, ಹಲಸಿನ ಸೊಳೆಯ ಪಲ್ಯ ಫಲಕದ ಮೇಲೆ ಏರಿದ್ದು ಅಪರೂಪ. ಗಿರಾಕಿಗಳೆಲ್ಲ ಹೋದ ಮೇಲೆ ಹುಡುಗರು ಹಿಂದುಗಡೆ ಕುಳಿತು ಉಣ್ಣುತ್ತಿದ್ದುದು ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ. ಕಲಬುರಗಿಯವನೋ ಹಾವೇರಿಯವನೋ ಅದೇ ಮುಂಬಯಿಯಲ್ಲಿ ತಾನು ಕನ್ನಡಿಗನೆಂದು ಹೇಳಿದರೆ, ನೀವು ದಿನಾ ದೋಸೆ ತಿನ್ನುವಿರಲ್ಲವೇ ಎಂಬ ಪ್ರಶ್ನೆಯನ್ನು ಎದುರಿಸುತ್ತಾನೆ. ಅವನ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿಗೆ ಈ ಊರಿನಲ್ಲಿ ಹೆಸರಿಲ್ಲ.

ಇದೆಲ್ಲ ಯೋಜನೆಯಿಲ್ಲದೆಯೇ ಆದದ್ದು. ಇದಕ್ಕೆ ರಾಜ್ಯ ಸರ್ಕಾರದ ಮುದ್ರೆಯೂ ಬಿದ್ದರೆ? ಯಾವ ಜಿಲ್ಲೆಯ ಸಾರು ಕರ್ನಾಟಕದ ಸಾರು ಎಂದು ಒಂದು ಸಮಿತಿ ಕೂತು ತೀರ್ಮಾನಿಸುತ್ತದೆ. ಸಮಿತಿಗಳಲ್ಲಿ ಕೂತು ಅನುಭವವಿರುವುದರಿಂದ ಹೇಳುತ್ತೇನೆ, ಅಲ್ಲಿ ಗೆಲ್ಲುವುದು ಪ್ರಾಯಶಃ ಬೆಂಗಳೂರಿಗೆ ಹತ್ತಿರದ ಸಾರು.

ಆದ್ದರಿಂದ ನಾವು ಕೇಳಬೇಕಾದದ್ದು ಮುದ್ರೆಯನ್ನಲ್ಲ, ಕುಟ್ಟಾಣಿಯನ್ನು. ಚಿಯಾಂಗ್ ಮಾಯ್‌ನ ಆ ಹೆಂಗಸು ನನ್ನ ಜಾತಿ, ಮತ, ದೇಶ ಯಾವುದನ್ನೂ ಕೇಳದೆ ತನ್ನ ಅಡುಗೆಮನೆಗೆ ಕರೆದು, ಕೈ ಹಿಡಿದು ಕುಟ್ಟಲು ಕಲಿಸಿದಳಲ್ಲ, ಅದು ಸರ್ಕಾರದಿಂದ ಆಗುವ ಕೆಲಸವಲ್ಲ, ಸಂಘದಿಂದ ಆಗುವುದು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಅಕ್ಷರ ಕಲಿಸಿದವು, ಅವರಲ್ಲಿ ಎಷ್ಟೋ ಜನ ಮುಂದೆ ಬಂದರು. ಆ ಹುಡುಗರ ಕೈಗೆ ಗೊತ್ತಿದ್ದುದನ್ನು ಅವರಿಂದ ಕಲಿಯುವ ಶಾಲೆಯೊಂದನ್ನು ಮಾತ್ರ ನಾವು ತೆರೆಯಲಿಲ್ಲ. ನಮ್ಮ ಸಂಘಗಳು ನಡೆಸುವ ಪಾಕಸ್ಪರ್ಧೆಯಲ್ಲಿ ಮನೆಯಲ್ಲಿಯೇ ಮಾಡಿ ತಂದ ಪದಾರ್ಥವನ್ನು ಮೇಜಿನ ಮೇಲೆ ಅಲಂಕರಿಸಿ ಇಡುತ್ತಾರೆ, ತೀರ್ಪುಗಾರರು ಚಮಚದ ತುದಿಯಲ್ಲಿ ನೆಕ್ಕಿ ಅಂಕ ಕೊಡುತ್ತಾರೆ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಅದೇ ಖರ್ಚಿನಲ್ಲಿ ನಾಲ್ಕು ಒಲೆ, ನಾಲ್ಕು ಕಲ್ಲು ತರಬಹುದು. ತಿಂಗಳಿಗೊಂದು ಭಾನುವಾರ, ಒಂದೊಂದು ಸಲ ಒಂದೊಂದು ಸೀಮೆಯವರು, ಹತ್ತು ಜನಕ್ಕೆ ಮೀರದ ತರಗತಿ. ನೆರೆಯ ಮರಾಠಿ, ಗುಜರಾತಿ ಮನೆಯವರಿಗೂ ಪ್ರವೇಶವಿರಲಿ. ನಿಯಮ ಒಂದೇ: ನೆಂಟರು ಬಾರದ ದಿನ ಮನೆಯಲ್ಲಿ ಏನು ಉಣ್ಣುತ್ತಾರೋ ಅದನ್ನೇ ಕಲಿಸಬೇಕು.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ವಿಜಯಪುರದ ಕಡೆಯ ಹಿರಿಯ ಹೆಂಗಸೊಬ್ಬರಿದ್ದಾರೆ. ಸಂಜೆ ಏಳರ ಹೊತ್ತಿಗೆ ಅವರು ರೊಟ್ಟಿ ಬಡಿಯುವ ಸಪ್ಪಳ ನಮ್ಮ ಮನೆಗೆ ಕೇಳುತ್ತದೆ. ಕಲಿಸುತ್ತೀರಾ ಎಂದು ಹೋಗಿ ಕೇಳಿದೆ. "ಅದರಾಗೇನೈತ್ರಿ ಕಲಿಸೂದು?" ಎಂದು ಮೊದಲು ನಾಚಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಹಿಟ್ಟು ಮಾತ್ರ ಅವತ್ತಽ ಬೀಸಿಸಿಕೊಂಡು ಬರಬೇಕ್ರಿ. ಹಳೇ ಹಿಟ್ಟಿಗೆ ಜಿಗಿ ಇರೂದಿಲ್ಲ, ರೊಟ್ಟಿ ಹರೀತಾವ," ಎಂದರು.